ತಡೆಯುವ ಕೈ

ನೆಲ ಹಿಡಿತ ಬಿಟ್ಟಂದಿನಿಂದ ಊರಲ್ಲಿ ಯಾರೂ ನಡೆಯುವುದಿಲ್ಲ. ಗೋಡೆಗೆ ಒದ್ದು ಜಾರುತ್ತಾರೆ. ಜಾರಿದವರು ತಾವಾಗಿ ನಿಲ್ಲಲಾರರು, ಯಾರಾದರೂ ತಡೆದು ಹಿಡಿಯಬೇಕು. ಅದಕ್ಕೇ ಸಂಜೆಯಾದರೆ ಪ್ರತಿ ಬಾಗಿಲಲ್ಲೂ ಒಬ್ಬರು ಸೊಂಟವನ್ನು ಕಂಬಕ್ಕೆ ಬಿಗಿದುಕೊಂಡು ತೋಳು ಚಾಚಿ ನಿಂತಿರುತ್ತಾರೆ. ಹಿಡಿಯುವವರಿಲ್ಲದ ಮನೆಯ ಗೋಡೆಗೆ ಮಾತ್ರ ಹತ್ತಿಯ ಹಾಸಿಗೆ ತೂಗುಹಾಕಿರುತ್ತಾರೆ.

ಬಾಳವ್ವ ಮಗಳು ಶಿವಗಂಗಾಳನ್ನು ಹನ್ನೆರಡು ವರ್ಷದಿಂದ ಹಿಡಿಯುತ್ತಿದ್ದಳು. ಮಗಳು ಬೆಳೆದಳು, ಭಾರವಾದಳು, ಬರುವ ರಭಸ ಮಾತ್ರ ಇಳಿಯಲಿಲ್ಲ. ನಿನ್ನೆ ಹಿಡಿದಾಗ ಬಾಳವ್ವನ ಮಣಿಕಟ್ಟು ಲಟಕ್ಕೆಂದಿತ್ತು. ಊದಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಗುತ್ತಲೇ ರೊಟ್ಟಿ ಬಡಿಸಿದ್ದಳು.

ಇಂದು ಬೀದಿಯ ತುದಿಯಿಂದ ಮಗಳು ಬಸವನಹುಳುವಿನಂತೆ ಬರುತ್ತಿದ್ದಳು.

"ಯಾಕವಾ, ಗ್ವಾಡಿ ಸರಿಯಾಗಿ ಒದಿಲಿಲ್ಲೇನ?" ಬಾಳವ್ವ ಕೂಗಿದಳು.

"ಅವಸರ ಏನೈತಿ ಬಿಡಬೇ."

ಹತ್ತಿರವಾದಂತೆ ಮಗಳ ಕಂಕುಳಲ್ಲಿದ್ದ ಸುರುಳಿ ಕಂಡಿತು. ಹತ್ತಿಯ ಹಾಸಿಗೆ.

"ಯಾರ ಮನಿಗೆ ಅದು?"

ಮಗಳು ತಲೆ ತಗ್ಗಿಸಿದಳು. "ನಿನ್ನೆ ಎಡಗೈಲೆ ರೊಟ್ಟಿ ನೀಡಿದಿಯಲ್ಲ ಬೇ. ಎಂದೂ ಹಂಗ ನೀಡಿದಾಕಿ ಅಲ್ಲ ನೀ."

ಶಿವಗಂಗಾ ಬಂದು ತಾಯಿಯ ತೋಳಿಗೆ ಹೂವಿನಷ್ಟು ಹಗುರಾಗಿ ತಾಗಿ ನಿಂತಳು. ಬಾಳವ್ವ ಹಾಸಿಗೆಯನ್ನು ಕಿತ್ತು ಬೀದಿಗೆ ಎಸೆದಳು. ಅದು ನಿಲ್ಲದೆ ಜಾರುತ್ತ ಹೋಯಿತು.

"ನಾ ಇನ್ನಾ ಸತ್ತಿಲ್ಲ," ಎಂದಳು. "ಹೊಳ್ಳಿ ಹೋಗು. ಜೋರ್ ಒದ್ದು ಬಾ."