ಚಿನ್ಮಯ್ ಸರ್ ತೆಗೆದ ಗ್ರೂಪ್ ಫೋಟೋ

ನಾವು ಯಾರನ್ನು ಮನುಷ್ಯರೆಂದು ಎಣಿಸುವುದಿಲ್ಲವೋ ಅವರು ನಮ್ಮ ಕ್ಯಾಮೆರಾದಲ್ಲಿ ಮೂಡದೆ ಹೋಗತೊಡಗಿ ವರ್ಷಗಳೇ ಕಳೆದಿದ್ದವು. ಮದುವೆ ಫೋಟೋದಲ್ಲಿ ಎಲೆ ಎತ್ತುವವರು ಕಾಣದಿದ್ದರೆ ಈಗ ಯಾರಿಗೂ ಬೆರಗಿಲ್ಲ. ಬಾಲಮಂದಿರದವರು ಮಾತ್ರ ಅದನ್ನೇ ಪರೀಕ್ಷೆ ಮಾಡಿಕೊಂಡಿದ್ದರು: ತಾನು ಹೊಡೆದವರ ಮುಖ ತಾನೇ ತೆಗೆದ ಫೋಟೋದಲ್ಲಿ ಬಿದ್ದರೆ ಹುಡುಗಿಗೆ ಬಿಡುಗಡೆ.

ಹೊನ್ನೂರಿ ತನ್ನ ಹಾಸ್ಟೆಲ್ಲಿನ ವಾರ್ಡನ್ನರ ಕೈ ಮುರಿದು ಇಲ್ಲಿಗೆ ಬಂದವಳು. ಅವಳು ತೆಗೆದ ಫೋಟೋದಲ್ಲಿ ವಾರ್ಡನ್ ಕೂತಿದ್ದ ಕುರ್ಚಿಯಷ್ಟೇ ಬಿದ್ದಿತ್ತು.

ಹುಡುಗಿಯರಿಗೆ ಫೋಟೋ ಕಾರ್ಯಾಗಾರ ನಡೆಸಿ ಪರೀಕ್ಷೆಯ ತೀರ್ಪು ಕೊಡಲು ಬಂದಿದ್ದ ಚಿನ್ಮಯ್ ಸರ್ ಅದನ್ನು ನೋಡಿ ಲೊಚಗುಟ್ಟಿದರು. ಕರುಣೆಯನ್ನು ಪ್ರಸಾದದಂತೆ ಚೂರುಚೂರೇ ಹಂಚುವ ಮನುಷ್ಯ ಅವರು.

"ಎದುರಿಗಿರೋರನ್ನ ಮನುಷ್ಯರು ಅಂತ ನೋಡೋದು ಕಲೀಬೇಕಮ್ಮ. ಇನ್ನೂ ಮೂರು ತಿಂಗಳು ಇಲ್ಲೇ ಇರು."

ಕಾರ್ಯಾಗಾರದ ಕೊನೆಗೊಂದು ಗ್ರೂಪ್ ಫೋಟೋ ರೂಢಿ. ಪ್ರತಿ ಸಲ ಅಡುಗೆಯ ಈರಮ್ಮ ತೆಗೆಯುತ್ತಿದ್ದಳು, ಸರ್ ಹುಡುಗಿಯರ ನಡುವೆ ನಿಂತು ಹಲ್ಲು ಕಿರಿಯುತ್ತಿದ್ದರು. ಇವತ್ತು ಈರಮ್ಮ ರಜೆ. ಪೇಪರಿನವರಿಗೆ ಫೋಟೋ ತುರ್ತಾಗಿ ಬೇಕಿತ್ತು. ಸರ್ ತಾವೇ ಕ್ಯಾಮೆರಾ ಎತ್ತಿ, ಬೆಂಚುಗಳ ಮೇಲೆ ಕೂತ ಹುಡುಗಿಯರನ್ನು ಕ್ಲಿಕ್ಕಿಸಿ, ಪಾಠ ಮಾಡುವ ಅಭ್ಯಾಸಬಲದಿಂದ ಅದನ್ನು ಗೋಡೆಯ ಪರದೆಗೇ ಹಾಕಿಬಿಟ್ಟರು.

ಪರದೆಯ ಮೇಲೆ ಎರಡು ಉದ್ದ ಬೆಂಚು, ಹಿಂದೆ ಸುಣ್ಣದ ಗೋಡೆ. ಅಷ್ಟೂ ಹುಡುಗಿಯರಲ್ಲಿ ಒಬ್ಬಳೂ ಇರಲಿಲ್ಲ.

"ಬೆಳಕು ಸರಿ ಇರಲಿಲ್ಲ," ಎಂದರು ಸರ್, ಹಣೆ ಒರೆಸಿಕೊಳ್ಳುತ್ತ.

ಹೊನ್ನೂರಿ ಸರಿದು ಕೂತು, ಪಕ್ಕದ ಜಾಗದ ಧೂಳನ್ನು ದುಪಟ್ಟಾದಿಂದ ಒರೆಸಿದಳು.

"ಬರ್ರಿ ಸಾರ್, ಕುಂದರ್ರಿ," ಎಂದಳು. "ನಿಮಗೂ ಇನ್ನ ಮೂರು ತಿಂಗಳು ಐತಿ."