ಸರ್ವರ್ ಬಿದ್ದ ದಿನ ಸುಮಂಗಲಾ ಕೇಳಿದ ಅರ್ಧ ಗಂಟೆ

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆ. ಬೆಳಗಿನ ಓಪಿಡಿ ಗದ್ದಲ... ಇದ್ದಕ್ಕಿದ್ದಂತೆ ಎಲ್ಲ ಕಂಪ್ಯೂಟರ್‌ಗಳೂ ಸ್ತಬ್ಧ.

ಲ್ಯಾಬ್, ಔಷಧಿ ಅಂಗಡಿ, ಐಸಿಯು... ಎಲ್ಲರ, ಒಂದೇ ಯಂತ್ರದೊಳಗೆ ಬೇರೆಬೇರೆ ಕಂಪ್ಯೂಟರ್‌ಗಳಂತೆ ಓಡುವ, ವರ್ಚುವಲ್ ಮಷಿನ್‌ಗಳನ್ನೂ ಹೊತ್ತಿದ್ದ ಸರ್ವರ್ ಕುಸಿದುಬಿದ್ದಿತ್ತು.

ಐಟಿ ವಿಭಾಗದವರು ಓಡೋಡಿ ಬಂದು ಅವನ್ನೆಲ್ಲ ಇನ್ನೊಂದು ಸರ್ವರಿನಲ್ಲಿ ಎಬ್ಬಿಸಿದರು. ಆಸ್ಪತ್ರೆ ಉಸಿರಾಡಿತು.

ಆದರೆ ಮ್ಯಾನೇಜರ್ ದೇಸಾಯಿಯವರ ಸಿಟ್ಟು ಇಳಿಯಲಿಲ್ಲ. ಟೀಮ್ ಲೀಡ್ ಶಿವಯೋಗಿಯತ್ತ ತಿರುಗಿದರು.

"ನಿನ್ನೆ ಅಪ್‌ಡೇಟ್ ಹಾಕಿದಾವ ನೀನ ಅಲ್ಲ? ಮನಿಗೆ ಹೋಗು. ಮುಂದಿಂದು ಆಮ್ಯಾಲೆ ನೋಡೂಣು."

ಶಿವಯೋಗಿ ಬ್ಯಾಗ್ ಎತ್ತಿಕೊಂಡು ಹೊರಟ.

"ಬಿದ್ದ ಸರ್ವರ್ ಅಳಿಸಿ ಹೊಸದಾಗಿ ಹಾಕ್ರಿ" ಎಂದರು ದೇಸಾಯಿ.

ಅದೇ ಟೀಮಿನ ಸುಮಂಗಲಾ ಸುಮ್ಮನಿರಬಹುದಿತ್ತು. ತನಗೆ ಬರಬೇಕಿದ್ದ ಹುದ್ದೆ ಶಿವಯೋಗಿಗೆ ಹೋದಾಗಿನಿಂದ ಅವಳು ಅವನೊಂದಿಗೆ ಮಾತೇ ಬಿಟ್ಟಿದ್ದಳು...

ಆದರೂ ಎದ್ದು ನಿಂತಳು.

"ಸರ್, ಅಳಿಸಿದ್ರ ಯಾಕ ಬಿತ್ತು ಅನ್ನೋದು ಎಂದೂ ಗೊತ್ತಾಗಂಗಿಲ್ಲ. ಬೀಳೂ ಹೊತ್ನ್ಯಾಗ ಒಳಗ ಏನಾತು ಅನ್ನೋದನ್ನ ಅದು ಕ್ರ್ಯಾಶ್ ಡಂಪ್ ಅಂತ ಒಂದು ಫೈಲಿನ್ಯಾಗ ಬರದಿಟ್ಟಿರತೈತಿ. ಅರ್ಧ ತಾಸು ಕೊಡ್ರಿ, ತಗೀತೀನಿ."

"ಅವನ ಪರ ನೀವು ನಿಂತೀರೇನ್ರಿ?"

"ಯಾರ ಪರಾನೂ ಅಲ್ರಿ. ಖರೇ ಏನಂತ ನೋಡೂಣು."

ಸರ್ವರ್ ಆನ್ ಮಾಡಿದಳು. ಫೈಲ್ ಸಿಕ್ಕಿತು. ಕಾಪಿ ಶುರುವಾಯಿತು... ಅರ್ಧಕ್ಕೆ ಬರುವಷ್ಟರಲ್ಲಿ ಸರ್ವರ್ ಮತ್ತೆ ಬಿತ್ತು.

ಮತ್ತೆ ಎಬ್ಬಿಸಿದಳು. ಈ ಸಲ ದೇಸಾಯಿಯವರೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಶೇಕಡಾ ತೊಂಬತ್ತು... ತೊಂಬತ್ತೈದು...

ಬಂತು.

ಫೈಲ್ ತೆರೆದು ಸಾಲು ಸಾಲಾಗಿ ಓದಿದಳು. ಅಪ್‌ಡೇಟಿನಲ್ಲಿ ದೋಷವಿರಲಿಲ್ಲ. ಒಳಗಿನ ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ಅಳಿಸಿ ಹೊಸದಾಗಿ ಹಾಕಿದ್ದರೂ ಸರ್ವರ್ ಮತ್ತೆ ಬೀಳುವುದೇ ಇತ್ತು.

ದೇಸಾಯಿ ಮಾತಾಡುವ ಮೊದಲೇ ಸುಮಂಗಲಾ ಮೆಟ್ಟಿಲಿಳಿದು ಓಡಿದಳು. ಶಿವಯೋಗಿ ಇನ್ನೂ ಪಾರ್ಕಿಂಗ್‌ನಲ್ಲೇ ಇದ್ದ... ಬೈಕ್ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಶಿವಯೋಗಿ, ಮ್ಯಾಲೆ ಬರ್ರಿ. ತಪ್ಪು ನಿಮ್ದಲ್ಲ. ಡಂಪ್ ಸಿಕ್ತು."

ಅವನು ಅವಳನ್ನೇ ನೋಡಿದ. ಕಣ್ಣು ತುಂಬಿ ಬಂತು.

"ನಾನ ಮಾಡೇನಿ ಅಂತ ನಾನೂ ನಂಬಿಬಿಟ್ಟಿದ್ದೆ, ಸುಮಂಗಲಾ ಅವರ..."

ಎಷ್ಟೋ ತಿಂಗಳ ಮೇಲೆ ಇಬ್ಬರೂ ಜೊತೆಯಾಗಿ ಮೆಟ್ಟಿಲು ಹತ್ತಿದರು. ಮೇಲೆ ಬಾಗಿಲಲ್ಲೇ ನಿಂತಿದ್ದ ದೇಸಾಯಿ, ಶಿವಯೋಗಿಯ ಹೆಗಲ ಮೇಲಿನ ಬ್ಯಾಗನ್ನು ತಾವೇ ಇಳಿಸಿಕೊಂಡರು.

ತಪ್ಪು ಯಾರದೆಂದು ಬೆರಳು ತೋರುವ ಮೊದಲು, ಆದದ್ದೇನೆಂದು ತಿಳಿಯುವ ತಾಳ್ಮೆ ಇರಲಿ.

ನೀವು ಮಾತು ಬಿಟ್ಟವರ ಪರವಾಗಿ, ಅವರಿಲ್ಲದ ಕಡೆ, ಎಂದಾದರೂ ಎದ್ದು ನಿಂತಿದ್ದೀರಾ?