ತಡವಾಗಿ ಬೀಳುವ ಏಟು

ಸತ್ತವನ ಏಟು ಅಂದೂ ತಡವಾಗಿಯೇ ಬಿತ್ತು.

ಸೊಸೆ ವಿಡಿಯೊ ಆಟದ ಪರದೆಯಿಂದ ಕಣ್ಣು ಕೀಳಲಿಲ್ಲ. ಅವಳ ಕೆಂಪು ಜಟ್ಟಿ ಒದ್ದು, ಹಿಂದೆ ಸರಿದು ನಿಂತ ಮೇಲೆ ಎದುರಿನ ನೀಲಿ ಜಟ್ಟಿ ಕೈ ಅಡ್ಡ ಹಿಡಿಯಿತು. ಮೊದಲಿನಿಂದಲೂ ಹಾಗೆಯೇ. ಗಂಡ ಹಡಗಿನ ಎಂಜಿನ್ ಮೆಕ್ಯಾನಿಕ್. ನಡುಗಡಲಿನಿಂದ ಆಡುವಾಗ ಲ್ಯಾಗ್ ವಿಪರೀತ. ಅಲ್ಲಿ ಒತ್ತಿದ ಗುಂಡಿ ಇಲ್ಲಿ ಏಟಾಗುವಷ್ಟರಲ್ಲಿ ಅವಳು ಗೆದ್ದಿರುತ್ತಿದ್ದಳು. ನಾನು ಹೊಡೆದದ್ದು ನಾಳೆ ತಲುಪುತ್ತೆ, ಕಾಯ್ತಿರು ಎಂದು ಅವನು ನಗುತ್ತಿದ್ದ.

ಕಡಲು ಅವನನ್ನು ನುಂಗಿ ನಾಲ್ಕು ತಿಂಗಳಾಗಿತ್ತು. ಹಡಗಿನವರು ಅವನ ಸಾಮಾನಿನ ಪೆಟ್ಟಿಗೆ ಕಳಿಸಿದಾಗ ಸೊಸೆಗೆ ಅದನ್ನು ಮುಟ್ಟುವ ಧೈರ್ಯವಾಗಲಿಲ್ಲ. ಅತ್ತೆಯೇ ತಮ್ಮ ಕೋಣೆಗೆ ಎಳೆದುಕೊಂಡು ಹೋದರು.

ಆದರೂ, ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಮನೆಗೆ ಬಂದವಳು ಪ್ರತಿ ಸಂಜೆ ಅವನ ಹೆಸರಿಗೆ ಆಟದ ಕರೆ ಕಳಿಸುತ್ತಿದ್ದಳು. ಆಟದಲ್ಲಿ ಅವಳ ಗುರುತು ಒಂದು ಮಿಂಚುಳ್ಳಿಯ ಚಿತ್ರ, ಅವನೇ ಆರಿಸಿಕೊಟ್ಟದ್ದು. ಒಂದು ಸಂಜೆ ಆ ಹೆಸರು ಕರೆಗೆ ಓಗೊಟ್ಟಿತು.

ಮಾತಿಲ್ಲ, ಬರಹವಿಲ್ಲ. ಬರೀ ಗುದ್ದಾಟ, ಅದೇ ವಿಳಂಬ. ಬದುಕಿದ್ದಾಗ, ಅವಳು ಬಿದ್ದಾಗಲೆಲ್ಲ ಗಂಡ ಹೊಡೆಯದೆ ಕಾಯುತ್ತಿದ್ದ. ಬಿದ್ದವರ ಮೇಲೆ ಕೈ ಎತ್ತಬಾರದೆಂದು ಅಮ್ಮ ಕಲಿಸಿದ್ದಾಳೆ ಅನ್ನುತ್ತಿದ್ದ. ಈಗ ಅವಳ ಸರದಿ. ನೀಲಿ ಜಟ್ಟಿ ಬಿದ್ದರೆ ಇವಳು ಎರಡು ಹೆಜ್ಜೆ ಹಿಂದೆ ನಿಂತು, ಏಳಲಿ ಎಂದು ಕಾದಳು.

ಯಾರಿಗೆ ಹೇಳುವುದು? ಅತ್ತೆಗೆ ತಮ್ಮದೇ ದುಃಖ. ಸಂಜೆಯಾದರೆ ಹೆಣಿಗೆಯ ಚೀಲ ಹಿಡಿದು ಬಾಗಿಲು ಹಾಕಿಕೊಳ್ಳುವರು. ಊಟಕ್ಕೆ ಬಂದಾಗ ಹೆಬ್ಬೆರಳು ನೋವೆಂದು ನರಳುವರು. ಸೊಸೆ ಎಣ್ಣೆ ಹಚ್ಚಿ ತಿಕ್ಕುವಳು. ಅಷ್ಟು ಹೆಣೆದರೂ ಸ್ವೆಟರ್ ಗೇಣುದ್ದ ದಾಟಿರಲಿಲ್ಲ.

ಭಾನುವಾರ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋಗುವವನಿದ್ದ. ಕನ್ನಡಿ ನೋಡ್ಕೊಂಡಿದ್ದೀಯಾ, ನಮ್ಮ ಮನೆಯ ಪೊರಕೆ ನಿನಗಿಂತ ದಪ್ಪ ಇದೆ ಎಂದು ಫೋನಿನಲ್ಲಿ ಗದರಿದ್ದ. ಅವಳಿಗೆ ಒಂದೇ ಚಿಂತೆ: ತಾನು ಹೊರಟುಹೋದರೆ, ಗಂಡ ಅಲ್ಲಿಗೂ ಬಂದಾನೆಯೇ?

ಶುಕ್ರವಾರ ಸಂಜೆ ಇಂಟರ್ನೆಟ್ ಲೈನಿನವನನ್ನು ಕರೆಸಿ, ಆಟ ನಡೆಯುತ್ತಿರುವಾಗಲೇ ತೋರಿಸಿದಳು. ಎದುರಿನವರು ಎಷ್ಟು ದೂರ ಇದ್ದಾರೆ, ಅದನ್ನಷ್ಟೇ ಹೇಳು ಅಂದಳು. ಅವನು ಅಳೆದು ನೋಡಿ ತಲೆ ಕೆರೆದುಕೊಂಡ.

"ಲ್ಯಾಗೇ ಇಲ್ಲ ಅಕ್ಕ. ಎದುರಿನವರು ಈ ಮನೆಯೊಳಗೇ ಇರೋ ಹಾಗೆ ತೋರಿಸ್ತಿದೆ. ತಡ ಆಗ್ತಿರೋದು ದಾರಿಯಲ್ಲಲ್ಲ, ಹೊರಡೋವಾಗಲೇ."

ಸೊಸೆಗೆ ಹೆದರಿಕೆಯಾಗಲಿಲ್ಲ.

"ಗೊತ್ತಿತ್ತು. ಸತ್ತರೂ ಅವನು ಮನೆ ಬಿಟ್ಟು ಹೋಗಿಲ್ಲ," ಅಂದಳು.

ಅವನು ಚಹಾ ಬೇಡವೆಂದು ಹೊರಟ. ಅವಸರದಲ್ಲಿ ಚಪ್ಪಲಿ ಮೆಟ್ಟಿದ್ದು ಮೆಟ್ಟಿಲು ಇಳಿಯುತ್ತ.

ಊಟವಾದ ಮೇಲೆ ಅತ್ತೆಯ ಹೆಬ್ಬೆರಳಿಗೆ ಎಣ್ಣೆ ತಿಕ್ಕುತ್ತ ಸೊಸೆ ಮೆಲ್ಲಗೆ, ಭಾನುವಾರ ತಾನು ಹೋಗುವುದಿಲ್ಲ ಅಂದಳು. ಕಾರಣ ಹೇಳಲಿಲ್ಲ. ಬೆರಳ ತುದಿಯಲ್ಲಿ ಆಟದ ಗುಂಡಿಯಷ್ಟೇ ದುಂಡಗೆ ಜಡ್ಡುಗಟ್ಟಿದ್ದು ಕೈಗೆ ತಗುಲಿತು. ಹೆಣಿಗೆಯ ಕಡ್ಡಿ ಅಲ್ಲಿ ಒತ್ತುವುದಿಲ್ಲ. ಅವಳ ಕೈ ನಿಂತಿತು.

"ಹೋಗು ಮಗು, ನಾನು ಒಂಟಿ ಆಗ್ತೀನಿ ಅಂತ ತಾನೇ? ಇಲ್ಲ ಕಣೆ," ಎಂದು ಅತ್ತೆ ದನಿ ತಗ್ಗಿಸಿದರು. "ಆ ಪೆಟ್ಟಿಗೆಯಲ್ಲಿ ಅವನು ಆಡ್ತಿದ್ದ ಯಂತ್ರ ಇತ್ತು. ದಿನಾ ಸಂಜೆ ಅದರೊಳಗೆ ಒಂದು ಮಿಂಚುಳ್ಳಿ ಬಂದು ಕರೆಯುತ್ತೆ. ಅವನೇ. ನನ್ನ ಕೈ ನಿಧಾನ, ಬಿದ್ದುಬಿಡ್ತೀನಿ. ನಾನು ಏಳೋ ತನಕ ಎರಡು ಹೆಜ್ಜೆ ಹಿಂದೆ ನಿಂತು ಕಾಯ್ತಾನೆ."